ಪೂರ್ಣ ದ್ವಿಮುಖ ನಿಸ್ತಂತು ಸಂವಹನದಲ್ಲಿ ವ್ಯತಿಕರಣದ ನಿರ್ವಹಣೆ

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕವು ಮಂಗಳೂರು-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಊರು. ಸಮೀಪದಲ್ಲಿ ನರಹರಿ ಪರ್ವತ. ಸುತ್ತಲೂ ಗುಡ್ಡಗಳು, ಅವುಗಳ ನಡುವೆ ಅಡಿಕೆ ತೋಟಗಳ ಕಣಿವೆಗಳು. ಇಂತಹ ನೆಲದಲ್ಲಿ ರೇಡಿಯೋ ತರಂಗಕ್ಕೆ ಗುಡ್ಡವೇ ಮರೆ. ಗೋಪುರದ ಸಂಕೇತವು ಗುಡ್ಡದ ಹಿಂಬದಿಯ ಮನೆಯನ್ನು ತಲುಪಲು ನೆತ್ತಿಯ ಮೇಲೊಂದು ಮರುಪ್ರಸಾರಕವನ್ನು ಸ್ಥಾಪಿಸುವುದು ಸಹಜ ಉಪಾಯ. ಅದು ಗೋಪುರದಿಂದ ಬಂದುದನ್ನು ಗ್ರಹಿಸುತ್ತಿರುವಾಗಲೇ, ಅದೇ ಆವರ್ತನದಲ್ಲಿ, ಕಣಿವೆಗೆ ಪ್ರಸಾರ ಮಾಡಬೇಕು. ಒಂದೇ ಆವರ್ತನದಲ್ಲಿ ಏಕಕಾಲಕ್ಕೆ ಕೇಳುವ ಮತ್ತು ಹೇಳುವ ಈ ಕ್ರಿಯೆಗೆ ಪೂರ್ಣ ದ್ವಿಮುಖ ಸಂವಹನವೆಂದು ಹೆಸರು.

ರೂಢಿಯಲ್ಲಿರುವ ವ್ಯವಸ್ಥೆಗಳು ಈ ಎರಡು ಕ್ರಿಯೆಗಳನ್ನು ಬೇರ್ಪಡಿಸುತ್ತವೆ. ಜಿಎಸ್‌ಎಂ 900 ವ್ಯವಸ್ಥೆಯಲ್ಲಿ ಮೊಬೈಲು 890-915 ಮೆಗಾಹರ್ಟ್ಸ್‌ನಲ್ಲಿ ಕಳುಹಿಸಿದರೆ, ಗೋಪುರವು 935-960 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿ ಸೇವೆಯ 3300 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಆವರ್ತನ ಒಂದೇ ಆದರೂ ಸಮಯವನ್ನು ಸರದಿಯಂತೆ ಹಂಚಲಾಗುತ್ತದೆ. ಮೊದಲನೆಯದರಲ್ಲಿ ತರಂಗಾಂತರವೂ ಎರಡನೆಯದರಲ್ಲಿ ಕಾಲವೂ ಇಬ್ಭಾಗವಾಗುತ್ತವೆ. ಈ ವಿಭಜನೆಯನ್ನು ನಿವಾರಿಸಿದರೆ ಇದ್ದ ತರಂಗಾಂತರದಲ್ಲಿಯೇ ಸಾಮರ್ಥ್ಯವನ್ನು ಸುಮಾರು ಇಮ್ಮಡಿಗೊಳಿಸಬಹುದೆಂಬುದು ಸಂಶೋಧಕರ ಆಶಯ.

ಇದಕ್ಕಿರುವ ಅಡ್ಡಿಯೆಂದರೆ ಸ್ವ-ವ್ಯತಿಕರಣ, ಅಂದರೆ ಪ್ರೇಷಕದ ಸಂಕೇತವು ಪಕ್ಕದಲ್ಲಿಯೇ ಇರುವ ತನ್ನ ಗ್ರಾಹಕಕ್ಕೆ ನುಗ್ಗುವುದು. 100 ಮಿಲಿವಾಟ್ (20 ಡಿಬಿಎಂ) ಶಕ್ತಿಯ ವೈ-ಫೈ ಸಾಧನವನ್ನು ಪರಿಗಣಿಸೋಣ. 80 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಗ್ರಾಹಕದ ಸಹಜ ಗದ್ದಲದ ಮಟ್ಟ ಸುಮಾರು -90 ಡಿಬಿಎಂ. ಅಂತರ 110 ಡೆಸಿಬಲ್. ತನ್ನ ಧ್ವನಿಯನ್ನು ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಮಾತ್ರ ದೂರದ ಕ್ಷೀಣ ಸಂಕೇತವು ನಿರಾತಂಕವಾಗಿ ಕೇಳೀತು. ಯಕ್ಷಗಾನದ ಚೆಂಡೆಯ ಮಗ್ಗುಲಲ್ಲಿ ಕುಳಿತು ಬಯಲಿನ ಕೊನೆಯವನ ಪಿಸುಮಾತನ್ನು ಆಲಿಸುವುದಕ್ಕೆ ಇದನ್ನು ಹೋಲಿಸಬಹುದು.

ತಾನು ಹೇಳಿದ್ದು ತನಗೆ ತಿಳಿದೇ ಇರುವಾಗ ಅದನ್ನು ಕಳೆದುಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಸಾಧನಕ್ಕೆ ತಿಳಿದಿರುವುದು ಅಂಕೀಯ ರೂಪದ ಮೂಲ ಸಂದೇಶ ಮಾತ್ರ. ವರ್ಧಕದ ಮೂಲಕ ಹಾದು ಆಂಟೆನಾ ಸೇರುವಷ್ಟರಲ್ಲಿ ಅದಕ್ಕೆ ವಿಕೃತಿಯೂ ಗದ್ದಲವೂ ಸೇರಿರುತ್ತವೆ. ಮೇಲಾಗಿ ಪರಿಸರದ ಪ್ರತಿಫಲನಗಳಿವೆ. 1.5 ಕಿ.ಮೀ. ದೂರದ ಗುಡ್ಡಕ್ಕೆ ತಾಗಿದ ತರಂಗ 10 ಮೈಕ್ರೋಸೆಕೆಂಡಿನಲ್ಲಿ ಮರಳುತ್ತದೆ. ಹೆದ್ದಾರಿಯ ವಾಹನಗಳು ಚಲಿಸಿದಂತೆ, ತೋಟದ ಸೋಗೆಗಳು ಗಾಳಿಗೆ ತೂಗಿದಂತೆ ಪ್ರತಿಫಲನವೂ ಬದಲಾಗುತ್ತದೆ.

ಆದುದರಿಂದ ನಿವಾರಣೆಯನ್ನು ಮೂರು ಹಂತಗಳಲ್ಲಿ ಕೈಗೊಳ್ಳಲಾಗುತ್ತದೆ. ಮೊದಲನೆಯದು ಆಂಟೆನಾಗಳ ಅಂತರ, ದಿಕ್ಕು ಮತ್ತು ಮರೆಗಳ ಮೂಲಕ ಸೋರಿಕೆಯನ್ನು ತಗ್ಗಿಸುವುದು. ಎರಡನೆಯದು, ಪ್ರೇಷಕದ ಸಂಕೇತದ ಪ್ರತಿಯೊಂದನ್ನು ತೆಗೆದು, ವಿಳಂಬ ಮತ್ತು ಪ್ರಮಾಣವನ್ನು ಸರಿಹೊಂದಿಸಿ, ಅಂಕೀಕರಣಕ್ಕೆ ಮುನ್ನವೇ ವ್ಯವಕಲನ ಮಾಡುವುದು. ಅಂಕೀಕರಣ ಘಟಕದ ಪ್ರತಿ ಬಿಟ್ ಸುಮಾರು 6 ಡೆಸಿಬಲ್ ವ್ಯಾಪ್ತಿಯನ್ನಷ್ಟೇ ಒದಗಿಸುವುದರಿಂದ ಈ ಹಂತ ಅನಿವಾರ್ಯ. 12 ಬಿಟ್ ಘಟಕದ 72 ಡೆಸಿಬಲ್ ವ್ಯಾಪ್ತಿಯನ್ನು ಸ್ವಂತ ಧ್ವನಿಯೇ ಆಕ್ರಮಿಸಿದರೆ ಕ್ಷೀಣ ಸಂಕೇತಕ್ಕೆ ಸ್ಥಳವೇ ಇರದು. ಮೂರನೆಯದು, ಉಳಿದ ಅಂಶವನ್ನು ಗಣಿತದಿಂದ ಅಂದಾಜಿಸಿ ಕಳೆಯುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ದಿನೇಶ್ ಭರಾಡಿಯಾ, ಎಮಿಲಿ ಮೆಕ್‌ಮಿಲಿನ್ ಮತ್ತು ಸಚಿನ್ ಕಟ್ಟಿ 2013ರಲ್ಲಿ ಒಂದೇ ಆಂಟೆನಾದ ವೈ-ಫೈ ಸಾಧನದಲ್ಲಿ 110 ಡೆಸಿಬಲ್ ನಿವಾರಣೆಯನ್ನು ಸಾಧಿಸಿದರು. ಲಭಿಸಿದ ಸಾಮರ್ಥ್ಯವೃದ್ಧಿ 1.87 ಪಟ್ಟು.

ಗುಡ್ಡದ ಮರುಪ್ರಸಾರಕಕ್ಕೆ ನಿಯಮ ಇನ್ನೂ ಕಠಿಣ. ಧ್ವನಿವರ್ಧಕದ ಸದ್ದು ಮೈಕಿಗೆ ಮರಳಿದಾಗ ಸಭೆಯಲ್ಲಿ ಕೀರಲು ಕೂಗು ಏಳುವುದನ್ನು ಎಲ್ಲರೂ ಕೇಳಿರುತ್ತಾರೆ. ಮರುಪ್ರಸಾರಕದ ವರ್ಧನೆಯು ಅದರ ಎರಡು ಆಂಟೆನಾಗಳ ನಡುವಿನ ಪ್ರತ್ಯೇಕತೆಯನ್ನು ಮೀರಿದರೆ ರೇಡಿಯೋದಲ್ಲಿಯೂ ಹಾಗೆಯೇ ಆಗುತ್ತದೆ. ಆ ಕೂಗಿನಿಂದ ಸುತ್ತಲಿನ ಗೋಪುರಗಳ ಗ್ರಾಹಕಗಳು ಕಿವುಡಾಗುತ್ತವೆ. ಅನುಮತಿಯಿಲ್ಲದೆ ಮನೆಗಳಲ್ಲಿ ಅಳವಡಿಸುವ ಮೊಬೈಲ್ ಸಂಕೇತವರ್ಧಕಗಳು ಕಾನೂನುಬಾಹಿರವಾಗಿರುವುದಕ್ಕೆ ಇದೂ ಒಂದು ಕಾರಣ. ಒಂದು ಮನೆಯ ಅನುಕೂಲವು ಊರಿನ ತೊಂದರೆಯಾಗಬಾರದು.

ಸ್ವ-ವ್ಯತಿಕರಣ ನಿವಾರಣೆಯಾದರೂ ಸಮಸ್ಯೆ ಮುಗಿಯದು. ಒಬ್ಬನ ಮೊಬೈಲು ಗೋಪುರಕ್ಕೆ ಕಳುಹಿಸುವ ಸಂಕೇತವು ಅದೇ ಕ್ಷಣ ಸ್ವೀಕರಿಸುತ್ತಿರುವ ನೆರೆಯವನ ಮೊಬೈಲಿಗೆ ಗದ್ದಲವಾಗುತ್ತದೆ. ಅದು ಅನ್ಯರ ಸಂದೇಶವಾದುದರಿಂದ ಸುಲಭವಾಗಿ ಕಳೆಯಲಾಗದು. ಈ ಕಾರಣದಿಂದ ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆ ತನ್ನ 18ನೆಯ ಆವೃತ್ತಿಯ ಅಧ್ಯಯನದಲ್ಲಿ ಮಧ್ಯಮ ಮಾರ್ಗವನ್ನು ಪರಿಶೀಲಿಸಿತು: ಗೋಪುರ ಮಾತ್ರ ಏಕಕಾಲದಲ್ಲಿ ಎರಡೂ ಕೆಲಸ ಮಾಡುವುದು, ಅದೂ ಒಂದೇ ಪಟ್ಟಿಯ ಬೇರೆ ಬೇರೆ ಉಪಪಟ್ಟಿಗಳಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುಭವ್ ಚೌಧರಿ ಮತ್ತು ಚಂದ್ರ ಆರ್. ಮೂರ್ತಿ, ಗುವಾಹಟಿ ಐಐಟಿಯ ರಿಭು ಚೋಪ್ರಾ ಅವರೊಡನೆ 2022ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ದಾರಿಯನ್ನು ತೋರಿಸಿತು. ಕೇಂದ್ರವೊಂದಕ್ಕೆ ಜೋಡಿಸಿದ ಅನೇಕ ಚಿಕ್ಕ ನಿಲ್ದಾಣಗಳಲ್ಲಿ ಪ್ರತಿಯೊಂದೂ ಆ ಕ್ಷಣದ ಬೇಡಿಕೆಗನುಗುಣವಾಗಿ ಕೇಳುವ ಅಥವಾ ಹೇಳುವ ಒಂದೇ ಕೆಲಸ ಮಾಡುತ್ತದೆ. ಒಟ್ಟು ಜಾಲವು ಮಾತ್ರ ಎರಡನ್ನೂ ಏಕಕಾಲಕ್ಕೆ ನಿರ್ವಹಿಸುತ್ತದೆ. ಆಂಟೆನಾಗಳ ಸಾಂದ್ರತೆ ಸಮನಾಗಿರುವಾಗ ಇದು ಪೂರ್ಣ ದ್ವಿಮುಖ ಗೋಪುರಗಳ ಜಾಲವನ್ನೂ ಮೀರಿಸಬಲ್ಲದೆಂದು ಅವರ ಗಣನೆಗಳು ತೋರಿಸಿದವು. ಇಲ್ಲಿ ಸ್ವ-ವ್ಯತಿಕರಣ ನಿವಾರಣೆಯ ದುಬಾರಿ ಉಪಕರಣ ಬೇಕಿಲ್ಲ. ಆದರೆ ನಿಲ್ದಾಣಗಳ ನಡುವಿನ ವ್ಯತಿಕರಣವನ್ನು ನಿಭಾಯಿಸಬೇಕು.

ಕಲ್ಲಡ್ಕದಂತಹ ನೆಲಕ್ಕೆ ಈ ವಿಚಾರ ಹೆಚ್ಚು ಪ್ರಸ್ತುತ. ಎತ್ತರದ ಒಂದೇ ಗೋಪುರದಿಂದ ಎಲ್ಲ ಕಣಿವೆಗಳನ್ನೂ ತಲುಪುವ ಪ್ರಯತ್ನಕ್ಕೆ ಗುಡ್ಡ ತಡೆಯೊಡ್ಡುತ್ತದೆ. ಚಿಕ್ಕ ನಿಲ್ದಾಣಗಳನ್ನು ಬೇರೆ ಬೇರೆ ಇಳಿಜಾರುಗಳಲ್ಲಿ ನೆಟ್ಟರೆ, ಮರೆಯಾಗಿದ್ದ ಅದೇ ಗುಡ್ಡವು ಕೇಳುವ ನಿಲ್ದಾಣವನ್ನು ಹೇಳುವ ನಿಲ್ದಾಣದಿಂದ ಪ್ರತ್ಯೇಕಿಸುವ ಗೋಡೆಯಾಗುತ್ತದೆ. ಅವುಗಳನ್ನು ಜೋಡಿಸುವ ದ್ಯುತಿತಂತು ಪ್ರತಿಯೊಂದು ಕಣಿವೆಗೂ ತಲುಪಬೇಕೆಂಬುದು ಇದರ ಪೂರ್ವಾಪೇಕ್ಷೆ.