ಅಜ್ಜಿಯ ತಡ್ಪೆ

ಉಪ್ಪಿನಂಗಡಿಯಲ್ಲಿ ಕಳೆದ ಭಾನುವಾರ, ಬಲಿಪೂಜೆಯ ಬಳಿಕ ನಡೆಯುವ ಧರ್ಮೋಪದೇಶದ ತರಗತಿಯಲ್ಲಿ ನಾವು ಮೇಜಿನ ಮೇಲೆ ಎರಡು ವಸ್ತುಗಳನ್ನಿರಿಸಿದೆವು: ಒಂದು ರೇಷ್ಮೆ ಸೀರೆ, ಒಂದು ಕಟ್ಟು ಬೀಡಿ. ಮಕ್ಕಳು ಮುಸಿಮುಸಿ ನಕ್ಕರು. ಗುರುಗಳು ಅಂಗಡಿಯಲ್ಲಿ ಬೀಡಿ ಕೊಂಡರೆಂಬ ಸುದ್ದಿ ಅಷ್ಟರಲ್ಲೇ ಪೇಟೆಯಲ್ಲಿ ಹರಡಿದ್ದಿರಬೇಕು!

ಸೀರೆಯ ಕಥೆ ಹೇಳುವುದು ಸುಲಭವಾಯಿತು. ಮಾಗಡಿ, ರಾಮನಗರದ ಸೀಮೆಯಲ್ಲಿ ಹೆತ್ತವರು ಪಡೆದ ಮುಂಗಡ ಸಾಲಕ್ಕೆ ಒತ್ತೆಯಾಗಿ ಮಕ್ಕಳು ರೇಷ್ಮೆ ಘಟಕಗಳಲ್ಲಿ ದುಡಿಯುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿ ಜಗತ್ತಿನ ಮುಂದಿಟ್ಟಿತು. ಸುಡುನೀರಿನಲ್ಲಿ ಗೂಡುಗಳನ್ನು ತಡಕುವ ಕೈಗಳು. ಹುರಿ ಯಂತ್ರದ ಮುಂದೆ ದಿನವಿಡೀ ನಿಂತು ಕಡಿದ ಎಳೆಯನ್ನು ಕೂಡಿಸುವ ಬೆರಳುಗಳು. ಮಕ್ಕಳು ಮರುಗಿದರು. ಮಾಗಡಿ ನಮ್ಮೂರಿನಿಂದ ಬಹಳ ದೂರ.

ಬೀಡಿಯ ಸರದಿ ಬಂದಾಗ ಮೌನ ಕವಿಯಿತು. ನೇತ್ರಾವತಿ, ಕುಮಾರಧಾರೆಯರ ಈ ತಟದಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸಿದ ತಾಯಂದಿರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಎಲೆ ಕತ್ತರಿಸುವುದು, ಬೀಡಿಯ ಬಾಯಿ ಮಡಚುವುದು ಶಾಲೆಯಿಂದ ಬಂದ ಮಕ್ಕಳ ಪಾಲಿಗಿತ್ತು. ಸಾವಿರಕ್ಕೆ ಇಷ್ಟೆಂಬ ಕೂಲಿಯಲ್ಲಿ ಆ ಸಣ್ಣ ಕೈಗಳು ಲೆಕ್ಕಕ್ಕೆ ಸಿಗಲಿಲ್ಲ. ಬ್ರಾಂಚಿನ ಪುಸ್ತಕದಲ್ಲಿದ್ದುದು ತಾಯಿಯ ಹೆಸರೊಂದೇ. 1986ರ ಕಾನೂನು ಬೀಡಿ ತಯಾರಿಕೆಯಲ್ಲಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತಾದರೂ, ಮನೆಮಂದಿಯ ನೆರವಿನಿಂದ ನಡೆಯುವ ಕೆಲಸವನ್ನು ಹೊರಗಿಟ್ಟಿತು. ಹೊಗೆಸೊಪ್ಪಿನ ಧೂಳಿಗೆ ಈ ವಿನಾಯಿತಿ ತಿಳಿಯದು. 2016ರ ತಿದ್ದುಪಡಿಯಾದರೋ ಶಾಲಾವೇಳೆಯ ಹೊರಗೆ, ಅಪಾಯಕಾರಿಯಲ್ಲದ ಮನೆಯ ಉದ್ಯಮದಲ್ಲಷ್ಟೇ ಮಕ್ಕಳ ನೆರವಿಗೆ ಎಡೆಗೊಟ್ಟಿದೆ.

ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದಳು. “ಫಾದರ್, ನನ್ನ ಅಮ್ಮ ನಾಲ್ಕನೇ ಕ್ಲಾಸಿನಿಂದಲೇ ಅಜ್ಜಿಯ ಜೊತೆ ಬೀಡಿ ಕಟ್ಟಿದ್ದಾರೆ. ಆ ದುಡ್ಡಿನಲ್ಲೇ ಅವರ ಫೀಸು ಕಟ್ಟಿದ್ದು. ಹಾಗಾದರೆ ಅಜ್ಜಿ ಮಾಡಿದ್ದು ಪಾಪವಾ?”

ಕೃತ್ಯ, ಉದ್ದೇಶ, ಸನ್ನಿವೇಶ ಎಂದು ಬಿಡಿಸಿ ತೂಗುವುದನ್ನು ಸೆಮಿನರಿಯಲ್ಲಿ ನಮಗೆ ವರ್ಷಗಟ್ಟಲೆ ಕಲಿಸಿದ್ದರು. ಆ ಕ್ಷಣದಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಅಜ್ಜಿಯದು ಪಾಪವಲ್ಲವೆಂದೆವು. ಕೂಲಿಯನ್ನು ನಿಗದಿ ಮಾಡಿದವರ, ಸೇದಿದವರ, ಕಂಡೂ ಕೇಳದೆ ಹೋದ ನಮ್ಮಂಥವರ ಲೆಕ್ಕ ಬೇರೆಯೇ ಇದೆಯೆಂದೂ ಹೇಳಿದೆವು. ಮೈಮನಸ್ಸು ಬಲಿಯುವ ಮುನ್ನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದೆಂದು ಪೋಪ್ ಹದಿಮೂರನೆಯ ಲಿಯೋ 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಬರೆದರು. ಸಂಸಾರ ಸಾಗುವಷ್ಟು ಕೂಲಿಯ ಮಾತೂ ಅದರಲ್ಲಿಯೇ ಇದೆ. ಎರಡನೆಯದು ದೊರೆಯದೆ ಮೊದಲನೆಯದು ನಡೆಯದೆಂಬುದನ್ನು ಆ ಅಜ್ಜಿ ಯಾವ ಪತ್ರವನ್ನೂ ಓದದೆಯೇ ಬಲ್ಲರು.

ಬರುವ ಭಾನುವಾರ ತರಗತಿಗೆ ಬರಲು ಅವರು ಒಪ್ಪಿದ್ದಾರೆ. ಹಳೆಯ ತಡ್ಪೆಯನ್ನೂ ತರುವರಂತೆ.