ಟ್ರ್ಯಾಕ್ಟರ್-ಟ್ರೇಲರ್‌ಗಳ ಸುರಕ್ಷಿತ ಚಾಲನೆ ಹಾಗೂ ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರುಗಳನ್ನು ಎಳೆಯುವ ಕುರಿತು: ಯಾದಗಿರಿ, ಶಹಾಪುರ, ಸುರಪುರ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ತಾಲ್ಲೂಕುಗಳು ಈ ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದು, 2009ರ ಡಿಸೆಂಬರ್‌ನಲ್ಲಿ ರಚನೆಯಾದ ಯಾದಗಿರಿ ಜಿಲ್ಲೆಯ ಮೂಲ ತಾಲ್ಲೂಕುಗಳಾಗಿರುತ್ತವೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಶಹಾಪುರ ಹಾಗೂ ಸುರಪುರ ಭಾಗದ ಜಮೀನುಗಳಿಗೆ ನೀರು ದೊರೆತ ನಂತರ ಭತ್ತ, ಹತ್ತಿ ಹಾಗೂ ಮೆಣಸಿನಕಾಯಿ ಬೆಳೆಗಳು ವಿಸ್ತರಿಸಿದವು. ಅದರೊಂದಿಗೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಪ್ರತಿ ಗ್ರಾಮದ ನಿತ್ಯದ ವಾಹನವಾಗಿವೆ. ಇದೇ ವಾಹನದಲ್ಲಿ ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ಭತ್ತದ ಚೀಲ, ಸಂಜೆ ಹತ್ತಿ ಬಿಡಿಸಿ ಮರಳುವ ಕೂಲಿಕಾರರು ಹಾಗೂ ಜಾತ್ರೆಯ ದಿನಗಳಲ್ಲಿ ಇಡೀ ಕುಟುಂಬಗಳು ಪ್ರಯಾಣಿಸುವುದು ಕಂಡುಬರುತ್ತದೆ.

ಟ್ರೇಲರ್ ಎಂಬುದು ಎಳೆದಲ್ಲಿಗೆ ಬರುವ ಡಬ್ಬಿ ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಬ್ರೇಕ್ ಹಾಕಿದಾಗ ಹಾಗೂ ಇಳಿಜಾರಿನಲ್ಲಿ ಅದೇ ಡಬ್ಬಿಯು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಈ ಒಂದು ಅಂಶವನ್ನು ಚಾಲಕರು, ಮಾಲೀಕರು ಹಾಗೂ ಟ್ರೇಲರ್ ಏರುವ ಪ್ರತಿಯೊಬ್ಬರೂ ಅರಿತಿರಬೇಕೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

1. ತೂಕದ ಲೆಕ್ಕ

ಸಾಧಾರಣ ಟ್ರ್ಯಾಕ್ಟರ್ ಒಂದರ ತೂಕ ಸುಮಾರು 2 ಟನ್. 75 ಕಿಲೋ ತೂಕದ 60 ಭತ್ತದ ಚೀಲಗಳನ್ನು ಟ್ರೇಲರ್‌ನಲ್ಲಿ ಹೇರಿದರೆ ಸರಕಿನ ತೂಕವೇ 4,500 ಕಿಲೋ, ಅಂದರೆ ನಾಲ್ಕೂವರೆ ಟನ್ ಆಗುತ್ತದೆ. ಟ್ರೇಲರ್‌ನ ಸ್ವಂತ ತೂಕ ಇದಕ್ಕೆ ಹೊರತು. ಹೀಗೆ ಎಳೆಯುವ ವಾಹನಕ್ಕಿಂತ ಎಳೆಯಲ್ಪಡುವ ವಾಹನವು ಎರಡು ಪಟ್ಟಿಗೂ ಹೆಚ್ಚು ಭಾರವಾಗಿರುತ್ತದೆ. ಕೃಷಿ ಬಳಕೆಯ ಬಹಳಷ್ಟು ಟ್ರೇಲರ್‌ಗಳಲ್ಲಿ ಸ್ವಂತ ಬ್ರೇಕ್ ಇರುವುದಿಲ್ಲವಾದ್ದರಿಂದ, ಇಷ್ಟೂ ಭಾರವನ್ನು ಟ್ರ್ಯಾಕ್ಟರ್‌ನ ಬ್ರೇಕ್ ಒಂದೇ ತಡೆಯಬೇಕಾಗುತ್ತದೆ.

ವೇಗದ ಲೆಕ್ಕವೂ ಇಷ್ಟೇ ಮುಖ್ಯ. ಗಂಟೆಗೆ 30 ಕಿ.ಮೀ. ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 8 ಮೀಟರ್‌ಗೂ ಹೆಚ್ಚು ಮುಂದೆ ಹೋಗುತ್ತದೆ. ಚಾಲಕನ ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿಯೇ ಈ ದೂರ ಕಳೆದಿರುತ್ತದೆ. ವೇಗವು ಎರಡು ಪಟ್ಟಾದರೆ, ಬ್ರೇಕ್ ಹಾಕಿದ ನಂತರ ನಿಲ್ಲಲು ಬೇಕಾಗುವ ದೂರವು ಸುಮಾರು ನಾಲ್ಕು ಪಟ್ಟಾಗುತ್ತದೆ. ಖಾಲಿ ಟ್ರೇಲರ್ ನಿಲ್ಲುವ ದೂರವನ್ನು ನೆಚ್ಚಿಕೊಂಡು, ತುಂಬಿದ ಟ್ರೇಲರನ್ನು ಅದೇ ವೇಗದಲ್ಲಿ ಓಡಿಸಬಾರದು.

2. ಹೊರಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಟ್ರ್ಯಾಕ್ಟರ್‌ಗೆ ಎಡ ಹಾಗೂ ಬಲ ಹಿಂಬದಿ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್‌ಗಳಿರುತ್ತವೆ. ಹೊಲದಲ್ಲಿ ತಿರುವು ತೆಗೆದುಕೊಳ್ಳಲು ಇದು ಅನುಕೂಲ. ಆದರೆ ರಸ್ತೆಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆದು ಮಗುಚುತ್ತದೆ. ಹೊಲದಿಂದ ರಸ್ತೆಗೆ ಬರುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸತಕ್ಕದ್ದು.

(ಆ) ಟ್ರೇಲರ್ ಜೋಡಿಸುವ ಕೊಂಡಿಯ ಪಿನ್ನು ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪಿನ್ನು ಮೇಲೆದ್ದು ಬಾರದಂತೆ ಅಡ್ಡ ಕ್ಲಿಪ್ ಹಾಕಬೇಕು. ಕಬ್ಬಿಣದ ಸರಳು ಅಥವಾ ತಂತಿಯನ್ನು ಪಿನ್ನಿನ ಬದಲಾಗಿ ಬಳಸಬಾರದು. ಮುಖ್ಯ ಕೊಂಡಿಯ ಜೊತೆಗೆ ಸುರಕ್ಷತಾ ಸರಪಳಿ ಇರುವುದು ಲೇಸು.

(ಇ) ಟ್ರೇಲರನ್ನು ಟ್ರ್ಯಾಕ್ಟರ್‌ನ ಕೆಳಭಾಗದಲ್ಲಿ ಅದಕ್ಕೆಂದೇ ಇರುವ ಕೊಂಡಿಗೆ ಮಾತ್ರ ಜೋಡಿಸಬೇಕು. ಎತ್ತರದ ಜಾಗಕ್ಕೆ ಕಟ್ಟಿ ಎಳೆದರೆ ಮುಂದಿನ ಚಕ್ರಗಳು ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಸಂಭವವಿರುತ್ತದೆ.

(ಈ) ಜೋಡಿಸುವಾಗ ಟ್ರ್ಯಾಕ್ಟರ್ ಮತ್ತು ಟ್ರೇಲರ್ ನಡುವೆ ಯಾರೂ ನಿಲ್ಲಬಾರದು. ಟ್ರ್ಯಾಕ್ಟರ್ ಪೂರ್ಣವಾಗಿ ನಿಂತ ಮೇಲೆಯೇ ಪಿನ್ನು ಹಾಕಬೇಕು.

(ಉ) ಟ್ರೇಲರ್‌ನ ಹಿಂಭಾಗದಲ್ಲಿ ಕೆಂಪು ಪ್ರತಿಫಲಕಗಳು ಹಾಗೂ ದೀಪ ಇರಬೇಕು. ಹತ್ತಿ ಅಥವಾ ಭತ್ತದ ಹುಲ್ಲು ಅವುಗಳನ್ನು ಮುಚ್ಚದಂತೆ ಹೇರಬೇಕು. ಹುಲ್ಲಿನ ಹೇರು ವಿದ್ಯುತ್ ತಂತಿಗೆ ತಾಗದ ಎತ್ತರದಲ್ಲಿರಬೇಕು.

(ಊ) ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 61ರಂತೆ ಟ್ರೇಲರ್‌ಗೂ ನೋಂದಣಿ ಅವಶ್ಯಕ. ಅಲ್ಲದೆ ಎಳೆಯುವ ಟ್ರ್ಯಾಕ್ಟರ್‌ನ ನೋಂದಣಿ ಸಂಖ್ಯೆಯನ್ನೂ ಟ್ರೇಲರ್ ಮೇಲೆ ಪ್ರದರ್ಶಿಸಬೇಕು. ನೋಂದಣಿ ಪತ್ರದಲ್ಲಿ ನಮೂದಿಸಿದ ತೂಕವನ್ನು ಮೀರಿ ಹೇರುವಂತಿಲ್ಲ.

3. ರಸ್ತೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಇಳಿಜಾರು: ಸುರಪುರವು ಗುಡ್ಡಗಳ ನಡುವಿನ ಊರಾಗಿದ್ದು, ಶಹಾಪುರದ ಸುತ್ತಲೂ ಬೆಟ್ಟದ ಸಾಲುಗಳಿವೆ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರುವ ರೂಢಿ ಕೆಲವರಲ್ಲಿದೆ. ಹಾಗೆ ಮಾಡಿದಾಗ ಇಂಜಿನ್‌ನ ತಡೆ ತಪ್ಪಿ, ಪೂರ್ತಿ ಭಾರವು ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾಯ್ದು ಹಿಡಿತ ಕಳೆದುಕೊಂಡರೆ ಟ್ರೇಲರ್ ನೂಕಿದ ಕಡೆಗೆ ಟ್ರ್ಯಾಕ್ಟರ್ ಹೋಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ವೇಗ ತಗ್ಗಿಸಿ, ಕಡಿಮೆ ಗೇರಿಗೆ ಬಂದು, ಅದೇ ಗೇರಿನಲ್ಲಿ ಕೆಳಗಿಳಿಯಬೇಕು. ನಡುವೆ ಗೇರ್ ಬದಲಿಸಬಾರದು.

ಕಾಲುವೆ ದಂಡೆ: ಕಾಲುವೆ ದಂಡೆಯ ರಸ್ತೆಗಳಿಗೆ ಹಲವೆಡೆ ತಡೆಗೋಡೆ ಇರುವುದಿಲ್ಲ. ಮಳೆ ಬಂದಾಗ ಎರೆಮಣ್ಣಿನ ಅಂಚು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕುಸಿಯುತ್ತದೆ. ಎದುರಿನ ವಾಹನಕ್ಕೆ ದಾರಿ ಬಿಡಲು ನೀರಿನ ಕಡೆಯ ಅಂಚಿಗೆ ಸರಿಯಬಾರದು. ಅಗಲವಾದ ಜಾಗದಲ್ಲಿ ಮೊದಲೇ ನಿಂತು ಅವರಿಗೆ ದಾರಿ ಕೊಡಬೇಕು.

ತಿರುವು: ತಿರುವಿನಲ್ಲಿ ಟ್ರೇಲರ್‌ನ ಚಕ್ರಗಳು ಟ್ರ್ಯಾಕ್ಟರ್‌ನ ಚಕ್ರಗಳಿಗಿಂತ ಒಳಗಿನಿಂದ ಹಾಯುತ್ತವೆ. ಒಳಬದಿಯಲ್ಲಿ ಬೈಕ್ ಸವಾರರು ಅಥವಾ ಪಾದಚಾರಿಗಳಿದ್ದರೆ ಅವರು ದಾಟುವವರೆಗೆ ಕಾಯಬೇಕು.

ಹೆದ್ದಾರಿ: ಶಹಾಪುರದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಲಾರಿ ಹಾಗೂ ಬಸ್ಸುಗಳು ವೇಗವಾಗಿ ಬರುತ್ತವೆ. ಕತ್ತಲಲ್ಲಿ ಕೆಟ್ಟು ನಿಂತ ಟ್ರೇಲರ್ ಅವರಿಗೆ ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. ಕೆಟ್ಟ ಟ್ರೇಲರನ್ನು ರಸ್ತೆಯಿಂದ ಕೆಳಗಿಳಿಸಬೇಕು. ಅದು ಸಾಧ್ಯವಾಗದಿದ್ದರೆ ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಬೇಕು. ಚಕ್ರಕ್ಕೆ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯದೆ ಹೋಗುವುದು ಮತ್ತೊಂದು ಅಪಘಾತಕ್ಕೆ ಕಾರಣವಾಗುತ್ತದೆ.

4. ಟ್ರೇಲರ್‌ನಲ್ಲಿ ಜನರ ಸಾಗಾಟ

ಟ್ರೇಲರ್ ಸರಕಿಗಾಗಿ ನಿರ್ಮಿಸಿದ ವಾಹನ. ಅದರಲ್ಲಿ ಆಸನವಾಗಲಿ, ಹಿಡಿಕೆಯಾಗಲಿ, ಮಗುಚಿದಾಗ ರಕ್ಷಿಸುವ ಮೇಲ್ಚೌಕಟ್ಟಾಗಲಿ ಇರುವುದಿಲ್ಲ. ಟ್ರೇಲರ್ ಮಗುಚಿದರೆ ಒಳಗಿದ್ದವರು ಒಬ್ಬರ ಮೇಲೊಬ್ಬರು ಬೀಳುವುದಲ್ಲದೆ, ಡಬ್ಬಿಯ ಕೆಳಗೆ ಸಿಲುಕುತ್ತಾರೆ. ಚಾಲಕನ ಪಕ್ಕದ ಮಡ್‌ಗಾರ್ಡ್ ಮೇಲೆ ಕುಳಿತವರು ಒಂದು ತಗ್ಗಿಗೆ ಜಾರಿದರೂ ಹಿಂಬದಿ ಚಕ್ರದ ಕೆಳಗೆ ಬೀಳುತ್ತಾರೆ.

ಇದರ ಆರ್ಥಿಕ ಪರಿಣಾಮವನ್ನು ಮಾಲೀಕರು ವಿಶೇಷವಾಗಿ ಗಮನಿಸತಕ್ಕದ್ದು. ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯ ಮೇಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿದೆ. 2007ರಲ್ಲಿ, ಟ್ರ್ಯಾಕ್ಟರ್‌ಗೆ ಜೋಡಿಸಿದ ಟ್ರೇಲರ್‌ನಲ್ಲಿ ಕುಳಿತಿದ್ದ ಕೂಲಿ ಕಾರ್ಮಿಕರೊಬ್ಬರ ಪ್ರಕರಣದಲ್ಲಿಯೂ ವಿಮಾ ಕಂಪನಿ ಹೊಣೆಯಲ್ಲವೆಂದೇ ನಿರ್ಣಯಿಸಲಾಯಿತು. ಆದಾಗ್ಯೂ ಗಾಯಾಳುವಿನ ಸ್ಥಿತಿಯನ್ನು ಪರಿಗಣಿಸಿ, ಕಂಪನಿಯು ಮೊದಲು ಹಣ ಪಾವತಿಸಿ ನಂತರ ಅದನ್ನು ವಾಹನ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಲಾಯಿತು. ಅಂದರೆ ವಿಮೆಯ ಕಂತು ಸಕಾಲದಲ್ಲಿ ಕಟ್ಟಿದ್ದರೂ, ಟ್ರೇಲರ್‌ನಲ್ಲಿ ಜನರನ್ನು ಕೂರಿಸಿದ ದಿನ ಆ ರಕ್ಷಣೆ ಇಲ್ಲದಂತಾಗಬಹುದು. ಪರಿಹಾರದ ಮೊತ್ತ ತೆರಲು ರೈತನು ಜಮೀನು ಮಾರಬೇಕಾದ ಪ್ರಸಂಗ ಬರಬಹುದು. ಅತ್ತ ಮೃತರ ಕುಟುಂಬವೂ ಸಕಾಲಕ್ಕೆ ಪರಿಹಾರ ಕಾಣದೆ ಉಳಿಯಬಹುದು.

ಹೊಲದವರೆಗೆ ಬಸ್ಸು ಬಾರದೆಂಬುದು ನಿಜ. ಆದರೂ ಮುಖ್ಯರಸ್ತೆಯವರೆಗೆ ಬಸ್ಸಿನಲ್ಲಿ ಬಂದು ಉಳಿದ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸುವುದು ಹಲವು ಗ್ರಾಮಗಳಲ್ಲಿ ಸಾಧ್ಯವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದ್ದು, ಹತ್ತಿ ಬಿಡಿಸಲು ತೆರಳುವ ಮಹಿಳೆಯರು ಇದರ ಪ್ರಯೋಜನ ಪಡೆಯಬಹುದು. ಕೂಲಿಕಾರರನ್ನು ಕರೆತರುವವರು ಪರವಾನಗಿ ಇರುವ ಟಂಟಂ ಅಥವಾ ಮ್ಯಾಕ್ಸಿಕ್ಯಾಬ್‌ಗಳನ್ನು, ನಿಗದಿತ ಸಂಖ್ಯೆ ಮೀರದಂತೆ ಬಳಸಬೇಕು. ಮೈಲಾಪುರ ಹಾಗೂ ತಿಂಥಣಿ ಜಾತ್ರೆಗಳಿಗೆ ತೆರಳುವ ಭಕ್ತರು ಟ್ರೇಲರ್ ಬದಲು ಬಸ್ಸಿನಲ್ಲಿ ಪ್ರಯಾಣಿಸುವುದು ಸೂಕ್ತ.

5. ಆಟೋಮ್ಯಾಟಿಕ್ ಗೇರ್ ಕಾರುಗಳು

ಇತ್ತೀಚಿನ ವರ್ಷಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರುಗಳು ಜಿಲ್ಲೆಯ ರಸ್ತೆಗಳಲ್ಲಿಯೂ ಕಾಣಸಿಗುತ್ತಿವೆ. ಅಂತಹ ಕಾರು ಕೆಟ್ಟು ನಿಂತಾಗ ಹತ್ತಿರದ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಯುವುದು ಸಹಜ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

(ಅ) ಬಹಳಷ್ಟು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯನ್ನು ಹರಿಸುವ ಪಂಪು ಇಂಜಿನ್‌ನಿಂದಲೇ ನಡೆಯುತ್ತದೆ. ಇಂಜಿನ್ ನಿಂತಿರುವಾಗ ಕಾರನ್ನು ಎಳೆದರೆ ಚಕ್ರದೊಂದಿಗೆ ಗೇರ್‌ಬಾಕ್ಸ್‌ನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಹಾಳಾಗುತ್ತವೆ. ಚಾಲನಾ ಚಕ್ರಗಳನ್ನು ಎತ್ತಿ ಅಥವಾ ಇಡೀ ಕಾರನ್ನು ವಾಹನದ ಮೇಲೇರಿಸಿ ಸಾಗಿಸುವುದೇ ಸರಿಯಾದ ಕ್ರಮ. ಇದಕ್ಕೆ ಹೊರತಾದ ಸಂದರ್ಭಗಳಲ್ಲಿ ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಮಾತ್ರ ನಡೆಯಬೇಕು.

(ಆ) ಇಂಜಿನ್ ನಿಂತಾಗ ಬ್ರೇಕ್ ಹಾಗೂ ಸ್ಟೀರಿಂಗ್ ಬಹಳ ಗಟ್ಟಿಯಾಗುತ್ತವೆ. ಹಗ್ಗದಲ್ಲಿ ಎಳೆಯಲ್ಪಡುವ ಕಾರು ಮುಂದಿನ ವಾಹನಕ್ಕೆ ಗುದ್ದುವುದು ಇದೇ ಕಾರಣಕ್ಕೆ.

(ಇ) ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಯತ್ನಿಸಬಾರದು.

(ಈ) ಬ್ರೇಕ್ ಹಾಗೂ ಆಕ್ಸಿಲರೇಟರ್ ಎರಡಕ್ಕೂ ಬಲಗಾಲನ್ನೇ ಬಳಸಬೇಕು. ಕ್ಲಚ್ ತುಳಿದು ರೂಢಿಯಾದ ಎಡಗಾಲು ಬ್ರೇಕ್ ಮೇಲೆ ಬಿದ್ದರೆ ಕಾರು ಹಠಾತ್ತಾಗಿ ನಿಲ್ಲುತ್ತದೆ.

(ಉ) ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಗೇರನ್ನು ಪಿ ಸ್ಥಾನದಲ್ಲಿ ಇಡಬೇಕು. ಎಎಂಟಿ ಮಾದರಿಯ ಹಲವು ಕಾರುಗಳಲ್ಲಿ ಪಿ ಸ್ಥಾನ ಇರುವುದಿಲ್ಲವಾದ್ದರಿಂದ, ಅವುಗಳನ್ನು ಕೈಪಿಡಿಯಂತೆ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕನ್ನು ತಪ್ಪದೆ ಹಾಕಬೇಕು.

(ಊ) ಕೈಪಿಡಿಯಲ್ಲಿ ಅವಕಾಶ ನೀಡಿರದ ಹೊರತು ಕಾರಿಗೆ ಟ್ರೇಲರ್ ಜೋಡಿಸಬಾರದು.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಘು ಮೋಟಾರು ವಾಹನದ ಚಾಲನಾ ಪರವಾನಗಿಯಿಂದ ಸರಕು ವಾಹನ ಓಡಿಸಬಹುದೇ?
ಉತ್ತರ: ವಾಹನದ ತೂಕವು 7,500 ಕಿಲೋ ಮೀರದಿದ್ದರೆ ಓಡಿಸಬಹುದು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೀಗೆ ತೀರ್ಪಿತ್ತು, ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದಿದೆ.

ಪ್ರಶ್ನೆ: ಮನೆಯ ಹುಡುಗನು ಹೊಲದಿಂದ ಊರಿಗೆ ಟ್ರ್ಯಾಕ್ಟರ್ ತಂದರೆ ತಪ್ಪೇ?
ಉತ್ತರ: ಟ್ರ್ಯಾಕ್ಟರ್ ಓಡಿಸಲು 18 ವರ್ಷ ತುಂಬಿರಬೇಕು ಹಾಗೂ ಪರವಾನಗಿ ಇರಬೇಕು. 2019ರ ತಿದ್ದುಪಡಿಯ ಕಲಂ 199ಎ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಕಾರಾಗೃಹ ಹಾಗೂ 25,000 ರೂ. ದಂಡ ವಿಧಿಸಬಹುದಾಗಿದ್ದು, ವಾಹನದ ನೋಂದಣಿಯನ್ನು 12 ತಿಂಗಳ ಅವಧಿಗೆ ರದ್ದುಪಡಿಸಲಾಗುತ್ತದೆ.

ಪ್ರಶ್ನೆ: ಅಪಘಾತವಾದವರನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸ್ ತೊಂದರೆ ಆಗುವುದೇ?
ಉತ್ತರ: ಇಲ್ಲ. ಕಲಂ 134ಎ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. 108ಕ್ಕೆ ಅಥವಾ 112ಕ್ಕೆ ಕೂಡಲೇ ಕರೆ ಮಾಡಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಮುಕ್ತಾಯ

ಸುಗ್ಗಿಯ ದಿನಗಳಲ್ಲಿ ಒಂದು ಖೇಪು ಹೆಚ್ಚು ಹೊಡೆದರೆ ದೊರೆಯುವ ಉಳಿತಾಯ ಅಲ್ಪ. ಒಂದು ಅಪಘಾತದ ನಷ್ಟವನ್ನು ಎಷ್ಟು ಸುಗ್ಗಿಗಳಿಂದಲೂ ತುಂಬಲಾಗದು. ಚಾಲಕರು ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ, ಇಳಿಜಾರಿಗೆ ಮೊದಲೇ ವೇಗ ತಗ್ಗಿಸಬೇಕು. ಮಾಲೀಕರು ಟ್ರೇಲರನ್ನು ಸರಕಿಗೆ ಮಾತ್ರ ಮೀಸಲಿಡಬೇಕು. ಕೂಲಿಕಾರರೂ ಟ್ರೇಲರ್ ಏರಲು ನಿರಾಕರಿಸುವ ಹಕ್ಕು ತಮಗಿದೆಯೆಂದು ತಿಳಿದಿರಬೇಕು. ಈ ಮಾಹಿತಿಯನ್ನು ಓದಿದವರು ಓದು ಬಾರದ ಚಾಲಕರಿಗೂ ತಿಳಿಸಿ ಸಹಕರಿಸಬೇಕಾಗಿ ಕೋರಲಾಗಿದೆ.