ಟಾರ್ಪಾಲು, ದನದ ಹೊದಿಕೆ: ನೀರು ಸೋರದಂತೆ ಕಾಪಾಡುವ ಬಗೆ

ಕುಯ್ಲು ಮುಗಿದು ಫಸಲು ಕಣಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮೋಡ ಕವಿಯುವುದು ನಮ್ಮ ರೈತರಿಗೆ ಹೊಸದಲ್ಲ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲಿ ಸುರಿದ ಅಕಾಲ ಮಳೆಗೆ ಕೊಯ್ದು ಹಾಕಿದ ರಾಗಿ ತೆನೆಯಲ್ಲೇ ಮೊಳೆತದ್ದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಇಡೀ ಹಂಗಾಮಿನ ದುಡಿಮೆ ಒಂದು ಟಾರ್ಪಾಲಿನ ಮೇಲೆ ನಿಂತಿರುತ್ತದೆ. ಆದರೆ ಬಹುಪಾಲು ಮನೆಗಳಲ್ಲಿ ಟಾರ್ಪಾಲು ಅಟ್ಟದಿಂದ ಇಳಿಯುವುದು ಹನಿ ಬಿದ್ದ ಮೇಲೆ. ಅದರ ತೂತುಗಳು ಕಾಣುವುದು ರಾಶಿ ನೆಂದ ಮೇಲೆ. ನೇಗಿಲು, ಕುಂಟೆಗಳನ್ನು ಹಂಗಾಮಿಗೆ ಮುಂಚೆ ಸರಿಮಾಡಿಕೊಳ್ಳುವ ರೈತರು ಟಾರ್ಪಾಲನ್ನೂ ಆ ಸಾಲಿಗೆ ಸೇರಿಸುವುದು ಒಳ್ಳೆಯದು.

ಟಾರ್ಪಾಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಹತ್ತಿಯ ಕ್ಯಾನ್ವಾಸಿನದು. ಈಚಿನದು ಪಾಲಿಥೀನಿನದು. ಎರಡರ ಆರೈಕೆಯೂ ಬೇರೆ ಬೇರೆ. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ದುಡ್ಡೂ ದಂಡ, ಶ್ರಮವೂ ದಂಡ.

ಕ್ಯಾನ್ವಾಸು ನೀರು ತಡೆಯುವುದು ಹೇಗೆ?

ಹತ್ತಿಯ ನೂಲು ನೀರು ತಾಗಿದೊಡನೆ ಉಬ್ಬುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೀಗೆ ಉಬ್ಬಿದ ಎಳೆಗಳು ನಡುವಣ ಸಂದನ್ನು ತಾವೇ ಮುಚ್ಚಿಕೊಳ್ಳುತ್ತವೆ. ಇದರ ಮೇಲೆ ಕಾರ್ಖಾನೆಯಲ್ಲಿ ಮೇಣದ ಸಂಸ್ಕಾರ ಕೊಟ್ಟಿರುವುದರಿಂದ ಹನಿಗಳು ನಿಲ್ಲದೆ ಜಾರಿಹೋಗುತ್ತವೆ. ಕೊಳೆ ಹಿಡಿಯದಿರಲೆಂದು ತಾಮ್ರದ ಸಂಯುಕ್ತವನ್ನು ಸೇರಿಸುವುದೂ ಉಂಟು. ಮಳೆ ಬರುವಾಗ ಕ್ಯಾನ್ವಾಸಿನ ಒಳಮೈಯನ್ನು ಬೆರಳಿನಿಂದ ಮುಟ್ಟಿದರೆ ಮುಟ್ಟಿದ ಜಾಗದಲ್ಲಿ ತೊಟ್ಟಿಕ್ಕಲು ಆರಂಭವಾಗುವುದನ್ನು ಹಲವರು ಕಂಡಿರಬಹುದು. ಬಟ್ಟೆಯ ಮೇಲೆ ನಿಂತ ನೀರಿನ ಪದರ ಅಲ್ಲಿ ಮುರಿದು ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ಮೂಟೆಗಳಿಗೆ ತಾಗಿದಂತೆ ಕ್ಯಾನ್ವಾಸು ಹೊದಿಸಿದರೆ ಮೂಟೆಯ ಮೂಲೆಗಳೇ ಮೊದಲು ನೆನೆಯುವುದಕ್ಕೆ ಕಾರಣ ಇದೇ. ನಡುವೆ ಬಿದಿರಿನ ಗಳುವೋ ಒಣ ಹುಲ್ಲಿನ ತೆಳು ಪದರವೋ ಇದ್ದರೆ ಈ ತೊಂದರೆಯಿಲ್ಲ.

ಕ್ಯಾನ್ವಾಸಿನ ಮೇಣವನ್ನು ತೆಗೆದುಹಾಕುವುದು ಬಹುಮಟ್ಟಿಗೆ ಬಿಸಿಲು, ಉಜ್ಜಾಟ ಮತ್ತು ನಾವು ಹಾಕುವ ಸೋಪಿನಪುಡಿ. ಕೊಳೆಯಾಯಿತೆಂದು ಡಿಟರ್ಜೆಂಟ್ ಪುಡಿಯಲ್ಲಿ ನೆನೆಹಾಕಿ ಬಂಡೆಗೆ ಬಡಿದರೆ ಬಟ್ಟೆ ಬೆಳ್ಳಗಾಗುವುದೇನೋ ನಿಜ. ಜೊತೆಗೆ ಮೇಣವೂ ಹೋಗುತ್ತದೆ. ಅಷ್ಟೇ ಅಲ್ಲ, ಎಳೆಗಳಲ್ಲಿ ಉಳಿದ ಡಿಟರ್ಜೆಂಟು ನೀರನ್ನು ತಾನೇ ಒಳಕ್ಕೆ ಕರೆದುಕೊಳ್ಳುತ್ತದೆ. ಆದ್ದರಿಂದ ಮಣ್ಣು ಒಣಗಿದ ಮೇಲೆ ಪೊರಕೆಯಿಂದ ಗುಡಿಸಿ, ತಣ್ಣೀರಿನಲ್ಲಿ ತೊಳೆದು, ಎರಡೂ ಮಗ್ಗುಲು ಒಣಗಿಸಿದರೆ ಸಾಕು. ಹಸಿಯಾಗಿ ಮಡಿಸಿಟ್ಟ ಕ್ಯಾನ್ವಾಸಿನಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಕಾಣಿಸಿಕೊಂಡು, ನೂಲು ಕೈಯಲ್ಲಿ ಹರಿಯುವಂತಾಗುತ್ತದೆ.

ಸೋಪು–ಪಟಿಕದ ಸಂಸ್ಕಾರ

ಮೇಣ ಹೋಗಿ ನೀರು ಹೀರತೊಡಗಿದ ಕ್ಯಾನ್ವಾಸಿಗೆ, ದನಕ್ಕೆ ಹೊದಿಸುವ ದಪ್ಪ ಹತ್ತಿ ಬಟ್ಟೆಗೆ, ಮನೆಯಲ್ಲೇ ಮಾಡಬಹುದಾದ ಹಳೆಯ ವಿಧಾನವೊಂದಿದೆ. ಖರ್ಚು ಅಲ್ಪ. ಬೇಕಾದುವು ಎರಡೇ: ಬಟ್ಟೆ ಸೋಪು ಮತ್ತು ಪಟಿಕ.

ಸೋಪಿನ ಆಯ್ಕೆಯಲ್ಲಿ ಎಚ್ಚರ ಬೇಕು. ಎಣ್ಣೆಯಿಂದ ಮಾಡಿದ ನಿಜವಾದ ಸೋಪು ಆಗಿರತಕ್ಕದ್ದು. ಡಿಟರ್ಜೆಂಟ್ ಬಿಲ್ಲೆ ಈ ಕೆಲಸಕ್ಕೆ ಬಾರದು. ಗುರುತಿಸುವುದು ಸುಲಭ. ಗಡಸು ನೀರಿನ ಬಾವಿಯಿದ್ದಲ್ಲಿ ಒಂದು ಲೋಟ ನೀರಿಗೆ ಸೋಪನ್ನು ತುರಿದು ಕದಡಿ ನೋಡಿ. ನೊರೆ ಬಾರದೆ ಮೇಲೆ ಬಿಳಿಯ ಗಷ್ಟು ಕಟ್ಟಿದರೆ ಅದು ನಿಜವಾದ ಸೋಪು. ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಬಂದರೆ ಡಿಟರ್ಜೆಂಟು. ಇದೇ ಕಾರಣಕ್ಕೆ ಸಂಸ್ಕಾರದ ಸೋಪಿನ ದ್ರಾವಣವನ್ನು ಕೊಳವೆಬಾವಿಯ ನೀರಿನಲ್ಲಿ ಮಾಡಬಾರದು. ಮಳೆನೀರು ಅಥವಾ ಕೆರೆಯ ಮೆದು ನೀರು ಉತ್ತಮ.

10 ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ಸೋಪನ್ನು ತುರಿದು ಪೂರ್ತಿ ಕರಗಿಸಿಕೊಳ್ಳಿ. ಬೇರೊಂದು ಪ್ಲಾಸ್ಟಿಕ್ ಬಕೆಟಿನಲ್ಲಿ 5 ಲೀಟರ್ ನೀರಿಗೆ ಕಾಲು ಕಿಲೋ ಪಟಿಕದ ಪುಡಿ ಹಾಕಿ ಕರಗಿಸಿ. ತೊಳೆದು ಒಣಗಿಸಿದ ಬಟ್ಟೆಯನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿ, ಎಳೆಎಳೆಗೂ ಇಳಿದ ಮೇಲೆ ಹಿಂಡಿ. ಇನ್ನೂ ತೇವವಿರುವಾಗಲೇ ಪಟಿಕದ ನೀರಿನಲ್ಲಿ ಮುಳುಗಿಸಿ ಎರಡು ಮೂರು ಗಂಟೆ ಬಿಡಿ. ಆಮೇಲೆ ಹಿಂಡದೆ ನೆರಳಿನಲ್ಲಿ ಹರವಿ ಒಣಗಿಸಿ. ಬಕೆಟಿಗೆ ಹಿಡಿಯದ ದೊಡ್ಡ ಟಾರ್ಪಾಲಾದರೆ ಚೊಕ್ಕವಾದ ಅರೆಬಂಡೆಯ ಮೇಲೆ ಹಾಸಿ, ಸುಣ್ಣ ಹೊಡೆಯುವ ಕುಂಚದಿಂದ ಮೊದಲು ಸೋಪಿನ ನೀರನ್ನೂ, ಅದು ಅರೆ ಒಣಗಿದ ಮೇಲೆ ಪಟಿಕದ ನೀರನ್ನೂ ಬಳಿಯಬೇಕು. ಬಟ್ಟೆಯ ಅಳತೆ ನೋಡಿ ದ್ರಾವಣವನ್ನು ಇದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಬಹುದು.

ಇಲ್ಲಿ ನಡೆಯುವುದಿಷ್ಟೆ: ಪಟಿಕದಲ್ಲಿರುವ ಅಲ್ಯೂಮಿನಿಯಂ ಸೋಪಿನೊಡನೆ ಕೂಡಿ, ನೀರಿನಲ್ಲಿ ಕರಗದ ಮೇಣದಂಥ ವಸ್ತುವಾಗಿ ಎಳೆಗಳ ನಡುವೆ ಕುಳಿತುಬಿಡುತ್ತದೆ. ಬಟ್ಟೆಯ ಉಸಿರಾಟವೇನೂ ನಿಲ್ಲುವುದಿಲ್ಲ. ಇದು ಕಾರ್ಖಾನೆಯ ಸಂಸ್ಕಾರಕ್ಕೆ ಸಮನಾಗದು, ಶಾಶ್ವತವೂ ಅಲ್ಲ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಒಮ್ಮೆ ಮಾಡಬೇಕಾಗುತ್ತದೆ.

ಹೊಲಿಗೆಗಳ ವಿಷಯ ಬೇರೆ. ಸೂಜಿ ತೂರಿದ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಸಾಮಾನ್ಯವಾಗಿ ಬಟ್ಟೆಗಿಂತ ಮೊದಲು ಸೋರುವುದು ಹೊಲಿಗೆಯೇ. ಮೇಣದ ಬತ್ತಿಯನ್ನು ಹೊಲಿಗೆಯ ಗುಂಟ ಎರಡೂ ಕಡೆ ಒತ್ತಿ ಉಜ್ಜಿ, ಮೇಲೆ ಹಳೆಯ ಬಟ್ಟೆ ಹಾಕಿ ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ಮೇಣ ಕರಗಿ ತೂತುಗಳಿಗೆ ಇಳಿಯುತ್ತದೆ. ಕೆಲವರು ಮೇಣವನ್ನು ಸೀಮೆಎಣ್ಣೆಯಲ್ಲಿ ಕಾಯಿಸಿ ಇಡೀ ಬಟ್ಟೆಗೆ ಬಳಿಯುವುದುಂಟು. ನೀರು ನಿಲ್ಲುವುದು ನಿಜವಾದರೂ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಕಾಯಿಸುವಾಗಲೇ ಬೆಂಕಿಯ ಭಯ. ಅಲ್ಲದೆ ಅಂಥ ಬಟ್ಟೆಯನ್ನು ಒಣಹುಲ್ಲಿನ ಬಣವೆಯ ಮೇಲೆ ಹೊದಿಸುವುದು ಬೀಡಿಯ ಒಂದು ಕಿಡಿಗೆ ಆಹ್ವಾನ ಕೊಟ್ಟಂತೆ.

ಪಾಲಿಥೀನ್ ಟಾರ್ಪಾಲು

ಇದಕ್ಕೆ ಸೋಪು, ಪಟಿಕ, ಮೇಣ ಯಾವುದೂ ಹಿಡಿಯದು. ನೇಯ್ದ ಬಗೆಯ ಟಾರ್ಪಾಲಿನಲ್ಲಿ ಪ್ಲಾಸ್ಟಿಕ್ ಪಟ್ಟಿಗಳ ನೇಯ್ಗೆಯ ಎರಡೂ ಮಗ್ಗುಲಿಗೆ ತೆಳುವಾದ ಪೊರೆ ಅಂಟಿಸಿರುತ್ತಾರೆ. ನೀರು ತಡೆಯುವುದು ಆ ಪೊರೆ. ಕಲ್ಲುನೆಲದ ಮೇಲೆ, ಕೂಳೆಯ ಮೇಲೆ ದರದರನೆ ಎಳೆದಾಗ ಸವೆಯುವುದೂ ಅದೇ. ಇಬ್ಬರು ಹಿಡಿದು ಎತ್ತಿ ಒಯ್ಯುವ ಅಭ್ಯಾಸ ಮಾಡಿಕೊಂಡರೆ ಟಾರ್ಪಾಲಿನ ಆಯುಸ್ಸು ಹೆಚ್ಚುತ್ತದೆ. ಬಿಸಿಲು ಇದರ ದೊಡ್ಡ ಶತ್ರು. ಕೆಲಸ ಮುಗಿದ ಮೇಲೂ ಕಣದಲ್ಲೇ ಬಿಟ್ಟ ಟಾರ್ಪಾಲು ಸಿಪ್ಪೆಯಂತೆ ಉದುರುತ್ತದೆ. ಅಂಥದ್ದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ.

ಕೊಳ್ಳುವಾಗ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಬರೆದಿರುವುದನ್ನು ನೋಡಿ, ತಕ್ಕಡಿಗೂ ಹಾಕಿಸಿ. 6 ಮೀಟರಿಗೆ 8 ಮೀಟರಿನ ಟಾರ್ಪಾಲು 48 ಚದರ ಮೀಟರು. 250 ಗ್ರಾಮಿನದೆಂದು ಹೇಳಿದರೆ ಒಟ್ಟು 12 ಕಿಲೋ ತೂಗಬೇಕು. ಒಂಬತ್ತು ಕಿಲೋ ತೂಗಿದರೆ ಅಂಗಡಿಯವನ ಮಾತಿನಲ್ಲೇ ತೂತಿದೆ ಎಂದರ್ಥ. ನೇಯ್ದ ಪಾಲಿಥೀನಿನದಕ್ಕೆ ಐ.ಎಸ್. 7903, ಕ್ಯಾನ್ವಾಸಿಗೆ ಐ.ಎಸ್. 2089 ಎಂಬ ಭಾರತೀಯ ಮಾನಕಗಳಿವೆ. ಗುರುತು ಕೇಳಿ ಕೊಳ್ಳಿ.

ಪಾಲಿಥೀನಿಗೆ ಸೈಕಲ್ ಟ್ಯೂಬಿನ ಸಲ್ಯೂಷನ್ ಆಗಲಿ ಮಾಮೂಲಿ ಗೋಂದಾಗಲಿ ಹಿಡಿಯುವುದಿಲ್ಲ. ಹಳೆಯ ಟಾರ್ಪಾಲಿನ ತುಂಡನ್ನು ತೂತಿಗಿಂತ ನಾಲ್ಕು ಬೆರಳು ಅಗಲವಾಗಿ ಕತ್ತರಿಸಿ, ಎರಡೂ ಮೈಗಳನ್ನು ಒರೆಸಿ ಒಣಗಿಸಿ, ಮೇಲೊಂದು ಬೆಣ್ಣೆಕಾಗದವಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಕರಗಿ ಕೂಡಿಕೊಳ್ಳುತ್ತದೆ. ಶಾಖದ ಹದ ತಿಳಿಯಲು ಮೊದಲು ಎರಡು ಚೂರುಗಳ ಮೇಲೆ ಪ್ರಯೋಗಿಸಿ ನೋಡತಕ್ಕದ್ದು. ಈ ಕೆಲಸ ಬಯಲಿನಲ್ಲಿ ನಡೆಯಲಿ, ಹೊಗೆ ಕುಡಿಯಬಾರದು. ಗಾಳಿಗೆ ಕಣ್ಣುಗಳು ಕಿತ್ತುಹೋಗದಂತೆ ಹಗ್ಗದ ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಕಟ್ಟಿಕೊಂಡರೆ ಅದು ಎಳೆತವನ್ನು ತಾಳಿಕೊಳ್ಳುತ್ತದೆ.

ಇನ್ನೊಂದು ಮಾತು ಗಮನದಲ್ಲಿರಲಿ. ಹೊರಗಿನ ನೀರನ್ನು ಬಿಡದ ಪಾಲಿಥೀನು ಒಳಗಿನ ಆವಿಯನ್ನೂ ಬಿಡದು. ಹಸಿ ರಾಶಿಗೆ ಬಿಗಿಯಾಗಿ ಹೊದಿಸಿದರೆ ಬೆಳಗ್ಗೆ ಒಳಮೈಯಲ್ಲಿ ಬೆವರು ಹನಿಗಟ್ಟಿ ರಾಶಿಯ ಮೇಲೇ ಬೀಳುತ್ತದೆ. ಕಡಲೆಕಾಯಿ, ಮುಸುಕಿನ ಜೋಳಗಳಲ್ಲಿ ಇದು ಬರೀ ಮುಗ್ಗುವಾಸನೆಯ ಪ್ರಶ್ನೆಯಲ್ಲ. ಅಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತದೆ. ಅಡುಗೆಯ ಶಾಖಕ್ಕೆ ಅದು ಹೋಗುವುದಿಲ್ಲ. ಹಸುವಿಗೆ ತಿನ್ನಿಸಿದರೆ ಹಾಲಿಗೂ ಇಳಿಯುತ್ತದೆ. ಕಡಲೆಕಾಯಿಯ ತೇವಾಂಶ ಶೇಕಡ 8ಕ್ಕೆ, ಮುಸುಕಿನ ಜೋಳದ್ದು 12ಕ್ಕೆ ಇಳಿಯುವವರೆಗೆ, ಮಳೆ ನಿಂತೊಡನೆ ಟಾರ್ಪಾಲನ್ನು ಸರಿಸಿ ಗಾಳಿಯಾಡಿಸುವುದು ಅಗತ್ಯ.

ದನಕರುಗಳಿಗೆ

ಇಂಗ್ಲೆಂಡ್, ಐರ್ಲೆಂಡಿನಂಥ ಮಳೆ-ಚಳಿಯ ದೇಶಗಳಲ್ಲಿ ಕುದುರೆಗಳನ್ನು ಹುಲ್ಲುಗಾವಲಿಗೆ ಬಿಡುವಾಗ ಮೈಗೆ ಮಳೆಹೊದಿಕೆ ತೊಡಿಸುವುದುಂಟು. ಹಿಂದೆ ಇದು ಉಣ್ಣೆಯ ಒಳಪದರವಿದ್ದ ದಪ್ಪ ಕ್ಯಾನ್ವಾಸಿನದಾಗಿತ್ತು, ‘ನ್ಯೂಜಿಲೆಂಡ್ ರಗ್ಗು’ ಎಂದು ಹೆಸರು. ಈಗ ನೈಲಾನು, ಪಾಲಿಯೆಸ್ಟರುಗಳವು ಬಂದಿವೆ. ಅವುಗಳ ಲೇಪ ಮಳೆಯನ್ನು ತಡೆದರೂ ಮೈಯ ಆವಿಯನ್ನು ಹೊರಕ್ಕೆ ಬಿಡುತ್ತದೆ. ಅಲ್ಲಿಯವರು ಪಾಲಿಸುವ ಕ್ರಮವೂ ಮೇಲೆ ಹೇಳಿದ್ದೇ: ಡಿಟರ್ಜೆಂಟ್ ತಾಗಿಸರು, ಪೂರ್ತಿ ಒಣಗಿಸುತ್ತಾರೆ, ಲೇಪ ಸವೆದಾಗ ನೀರುತಡೆಯ ದ್ರಾವಣ ಸಿಂಪಡಿಸುತ್ತಾರೆ, ಹೊಲಿಗೆಗಳನ್ನು ಬೇರೆಯಾಗಿ ಮುಚ್ಚುತ್ತಾರೆ.

ನಮ್ಮಲ್ಲಿ ಮಳೆಯ ದಿನ ಎತ್ತಿನ ಬೆನ್ನಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ ಹೊದಿಸುವವರಿದ್ದಾರೆ. ಒಳಗೆ ಬೆವರು ನಿಂತು ಮೈ ನೆಂದೇ ಇರುತ್ತದೆ. ನೆಂದ ಗೋಣಿಯಂತೂ ಹೊದಿಸದಿದ್ದುದಕ್ಕಿಂತ ಕೆಡುಕು, ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಬೆಚ್ಚಗಿರುವ ಗಟ್ಟಿಮುಟ್ಟಾದ ದನಕ್ಕೆ ಹೊದಿಕೆಯೇ ಬೇಡ. ಎಳಗರು, ಕಾಯಿಲೆಯ ದನ, ಉಳುಮೆ ಮುಗಿಸಿ ನೆನೆದು ಬಂದ ಎತ್ತು, ಇವಕ್ಕೆ ಬೇಕು. ಮೊದಲು ಒಣಹುಲ್ಲಿನಿಂದ ಮೈ ತಿಕ್ಕಿ ಒಣಗಿಸಿ, ಬಳಿಕ ಒಣ ಗೋಣಿಯ ಮೇಲೆ ಸೋಪು–ಪಟಿಕದ ಸಂಸ್ಕಾರ ಕೊಟ್ಟ ದಪ್ಪ ಬಟ್ಟೆಯನ್ನು ಹೊದಿಸಬೇಕು.

ಕಂಬಳಿಯಿದ್ದರೆ ಇನ್ನೂ ಒಳ್ಳೆಯದು. ಕುರಿಯ ಉಣ್ಣೆಯಲ್ಲಿ ಸಹಜವಾಗಿಯೇ ಜಿಡ್ಡಿದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಅದು ಮೈಗೆ ತಣ್ಣಗೆ ತಾಗದು. ನೇಕಾರರು ಹಾಕುವ ಹುಣಸೆಬೀಜದ ಗಂಜಿ ಕಂಬಳಿಗೆ ಬಿರುಸು ಕೊಡುತ್ತದೆ. ಬಿಸಿನೀರು, ವಾಷಿಂಗ್ ಸೋಡಗಳಲ್ಲಿ ತೊಳೆದರೆ ಜಿಡ್ಡೂ ಗಂಜಿಯೂ ಒಟ್ಟಿಗೇ ಹೋಗುತ್ತವೆ. ಕೊಡವಿ ಗಾಳಿಗೆ ಹಾಕಿದರೆ ಸಾಕು.

ಪರೀಕ್ಷೆಗೆ ಬೇಸಿಗೆಯೇ ಸರಿಯಾದ ಕಾಲ. ಟಾರ್ಪಾಲನ್ನು ಇಬ್ಬರು ಬಿಸಿಲಿಗೆ ಎದುರಾಗಿ ಎತ್ತಿ ಹಿಡಿದರೆ ಸೂಜಿಮೊನೆಯಷ್ಟು ತೂತೂ ಮಿನುಗುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಕ್ಯಾನ್ವಾಸಿನ ನಡುವೆ ಗುಂಡಿಯಂತೆ ಮಾಡಿ ಒಂದು ಬಿಂದಿಗೆ ನೀರು ಸುರಿದು ಕಾಲು ಗಂಟೆ ಬಿಟ್ಟರೆ ಅದರ ಸ್ಥಿತಿಯೂ ತಿಳಿಯುತ್ತದೆ. ತೇಪೆ, ಸಂಸ್ಕಾರ ಮುಗಿದ ಮೇಲೆ ಮಡಿಕೆಗಳಲ್ಲಿ ಸಿಕ್ಕಿಕೊಂಡ ಕಾಳುಗಳನ್ನು ಪೂರ್ತಿ ಕೊಡವಿ, ಸುರುಳಿ ಸುತ್ತಿ, ಅಟ್ಟದ ಮೂಲೆಗೆ ತುರುಕದೆ ಜಂತಿಯಿಂದ ಹಗ್ಗದಲ್ಲಿ ತೂಗುಹಾಕಿ. ಕಾಳಿನ ವಾಸನೆಗೆ ಬಂದ ಇಲಿ ಒಂದು ಕಡೆ ಕಡಿದರೆ, ಸುರುಳಿ ಬಿಚ್ಚಿದಾಗ ಸಾಲಾಗಿ ಹತ್ತು ತೂತು.